ಓಲೆಗೆ ಕಪ್ಪು ಬಣ್ಣ

ನಮ್ಮ ಶೆಡ್ಡಿನ ಷಟರಿನಲ್ಲಿ ಒಂದು ತೂತಿತ್ತು. ಮುಷ್ಟಿ ಹಿಡಿಯುವಷ್ಟು ದೊಡ್ಡದು. ಅಂಚಿನ ತಗಡು ಹೊರಮುಖವಾಗಿ ಸೀಳಿ ಎಸಳುಗಳ ಹಾಗೆ ಬಾಗಿತ್ತು. ಬೆಳಿಗ್ಗೆ ಷಟರ್ ಎತ್ತುವ ಮೊದಲು ಪಕ್ಕದ ಚಿಕ್ಕ ಬಾಗಿಲಿಂದ ನಾನು ಒಳಗೆ ಬಂದರೆ, ಆ ತೂತಿನಿಂದ ಇಳಿದ ಬಿಸಿಲು ನೇರವಾಗಿ ನನ್ನ ಹೊಲಿಗೆ ಯಂತ್ರದ ಮೇಲೆ ಕೂತಿರುತ್ತಿತ್ತು. ವೆಲ್ಡಿಂಗ್ ಮಾಡುವವರ ಶೆಡ್ಡಿನಲ್ಲಿ ಒಂದು ತುಂಡು ತಗಡು ಬೆಸೆಯುವುದು ಎಷ್ಟರ ಕೆಲಸ? ಆದರೂ ಅಪ್ಪ ಮುಚ್ಚಲಿಲ್ಲ. ಅಣ್ಣನಿಗೆ ದಿನಾ ಕಾಣಲಿ ಎಂದು ಬಿಟ್ಟಿದ್ದರು. ಅಣ್ಣನೂ ಮುಚ್ಚಲಿಲ್ಲ. ಗಿರಾಕಿಗಳ ಎದುರು ತನ್ನ ಮರ್ಯಾದೆ ತೆಗೆದದ್ದು ಅಪ್ಪನಿಗೆ ನೆನಪಿರಲಿ ಎಂದು.

ಕಲ್ಲು ಕೆಸರು ಅನ್ನದೆ ರಸ್ತೆ ಇಲ್ಲದ ಕಡೆ ಓಡಿಸುವ ಜೀಪುಗಳಿಗೆ ಬೇಕಾದ್ದನ್ನೆಲ್ಲ ನಮ್ಮಲ್ಲಿ ಮಾಡಿಕೊಡುತ್ತೇವೆ. ಅಪ್ಪ ವೆಲ್ಡರ್. ಅಣ್ಣ ಬಿಚ್ಚುವ, ಬಿಗಿಯುವ ಕೆಲಸ ನೋಡಿಕೊಂಡು ಗಿರಾಕಿಗಳನ್ನು ಮಾತಾಡಿಸುತ್ತಿದ್ದ. ಅವನ ಬಾಯಿ ಅಂದರೆ ಬಾಯಿ. ಪಂಕ್ಚರ್ ಹಾಕಿಸಲು ಬಂದವರು ಅವನ ಮಾತಿಗೆ ಮರುಳಾಗಿ ಹೊಸ ಬಂಪರ್ ಹಾಕಿಸಿಕೊಂಡು ಹೋಗುತ್ತಿದ್ದರು. ನಾನು ಮೂಲೆಯಲ್ಲಿ ಸೀಟಿನ ಕವರು, ಸ್ಟೆಪ್ನಿ ಕವರು ಹೊಲಿಯುತ್ತೇನೆ. ಯಂತ್ರ ಅಮ್ಮನದು. ಅಮ್ಮ ತೀರಿಕೊಂಡ ವರ್ಷ ಶಾಲೆ ಬಿಟ್ಟು ಅದರ ಮುಂದೆ ಕೂತವಳು ಏಳಲಿಲ್ಲ. ನನಗೆ ಹೊಸಬರ ಮುಖ ನೋಡಿ ಮಾತಾಡಲು ಬರುವುದಿಲ್ಲ. ಯಂತ್ರದ ಸದ್ದು ಎಲ್ಲರಿಗೂ ಕೇಳಿಸುತ್ತದೆ, ಅದರ ಹಿಂದೆ ಕೂತಿರುವವಳು ಯಾರಿಗೂ ಕಾಣುವುದಿಲ್ಲ. ಅಣ್ಣ ನನ್ನನ್ನು ಇಲಿಮರಿ ಅನ್ನುತ್ತಿದ್ದ.

ಹಾಗೆ ಕೂತು ನಾನು ತಿಳಿದುಕೊಂಡದ್ದು ಇಷ್ಟು: ಗಾಡಿಯ ಹೊರಗೆ ಕಾಣುವುದೆಲ್ಲ ಖರ್ಚಾಗುತ್ತದೆ, ಕಾಣದೇ ಇರುವುದು ಗೋಡೆಗೆ ನೇತಾಡುತ್ತದೆ. ಗಾಡಿಯನ್ನು ಎತ್ತರಿಸಬೇಕು, ಟಯರು ದಪ್ಪ ಇರಬೇಕು, ಮೇಲೆ ಲೈಟಿನ ಸಾಲು ಬೇಕು. ನೀರಿಗಿಳಿದಾಗ ಎಂಜಿನ್ ಉಸಿರಾಡಲೆಂದು ಪಕ್ಕದಿಂದ ಮೇಲಕ್ಕೆ ಹೋಗುವ ಒಂದು ಕೊಳವೆ ಇದೆ. ಮಳೆ ಹನಿದರೆ ಗಾಡಿ ತೊಳೆಯಬೇಕಾಗುತ್ತದೆಂದು ಮರದ ಕೆಳಗೆ ನಿಲ್ಲಿಸುವವರೂ ಅದನ್ನು ಹಾಕಿಸಿಕೊಂಡಿದ್ದಾರೆ. ಆದರೆ ಹೊಟ್ಟೆಯ ಕೆಳಗೆ ಹಾಕುವ ದಪ್ಪ ತಗಡು ಯಾರಿಗೂ ಬೇಡ. ಗಾಡಿ ಮಗುಚಿದರೆ ತಲೆ ಉಳಿಸುವ ಒಳಗಿನ ಪೈಪಿನ ಪಂಜರ ಬೇಡ. "ಕೂದಲು ಕೆಡುತ್ತೆ" ಅಂದಿದ್ದ ಒಬ್ಬ.

ನನ್ನ ಚೀಲವೂ ಬೇಡ. ಕೆಸರಲ್ಲಿ ಹೂತ ಗಾಡಿಯನ್ನು ಇನ್ನೊಂದು ಗಾಡಿಯ ವಿಂಚಿನಿಂದ, ಅಂದರೆ ಮೂತಿಯಲ್ಲಿರುವ ಹಗ್ಗ ಸುತ್ತುವ ರಾಟೆಯಿಂದ, ಎಳೆಯುವಾಗ ಉಕ್ಕಿನ ಹಗ್ಗ ಬಿಗಿಯಾಗಿ ನಿಲ್ಲುತ್ತದೆ. ಹಗ್ಗವೋ ಕೊಕ್ಕೆಯೋ ಕಿತ್ತರೆ ಚಾಟಿಯ ಹಾಗೆ ಹಿಂದಕ್ಕೆ ಹಾರಿ ಸಿಕ್ಕಿದವರನ್ನು ಸೀಳುತ್ತದೆ. ಅದಕ್ಕೇ ಹಗ್ಗದ ನಡುವೆ ಭಾರದ ಚೀಲ ಹಾಕಬೇಕು, ಕಿತ್ತರೂ ಹಗ್ಗ ನೆಲಕ್ಕೆ ಬೀಳುತ್ತದೆ. ಉಳಿದ ರೆಕ್ಸಿನ್ ಜೋಡಿಸಿ, ಎರಡು ಕಡೆ ಮರಳು ತುಂಬಿ ನಾನು ಹೊಲಿಯುತ್ತಿದ್ದೆ. "ಏನಿದು, ಕತ್ತೆ ಬೆನ್ನಿಗೆ ಹಾಕೋದಾ?" ಎಂದು ಕೇಳಿ, ಮುಟ್ಟಿ ನೋಡಿ, ಬಿಟ್ಟು ಹೋಗುತ್ತಿದ್ದರು.

ಇನ್ನು ಕೊಕ್ಕೆ. ಅಪ್ಪ ಹಾಕುತ್ತಿದ್ದ ಕೊಕ್ಕೆ ಬಡಿದು ಮಾಡಿದ ಉಕ್ಕಿನದು. ಗಾಡಿಯ ಬೆನ್ನೆಲುಬಿನಂಥ ಚಾಸಿಗೇ ಬೋಲ್ಟು ಹಾಕಿ ಬಿಗಿಯುವಂಥದ್ದು. ಕಪ್ಪು ಬಣ್ಣ, ಒರಟು ಮೈ. ಅದಕ್ಕೆ ಗಿರಾಕಿ ಇರಲಿಲ್ಲ. ಒಂದು ದಿನ ಅಣ್ಣ ಪೆಟ್ಟಿಗೆ ತುಂಬ ಕೆಂಪು ಕೊಕ್ಕೆ ತಂದ. ಎರಕದವು, ನುಣುಪು, ಆಟಿಕೆಯ ಹಾಗೆ ಮಿರಮಿರ ಮಿಂಚುತ್ತಿದ್ದವು. ಚಾಸಿಯ ಗೊಡವೆಯೇ ಇಲ್ಲ, ಬಂಪರಿನ ತೆಳು ತಗಡಿಗೆ ಎರಡು ಬೋಲ್ಟು ಬಿಗಿದರೆ ಆಯಿತು.

ಅಪ್ಪ ಒಂದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಇದು ಕೊಕ್ಕೆ ಅಲ್ಲ ಕಣೋ, ಕಿವಿಯ ಓಲೆ. ಓಲೆ ಹಿಡಿದು ಎಳೆದ್ರೆ ಏನಾಗುತ್ತೆ?"

"ಯಾರಪ್ಪ ಎಳೀತಾರೆ? ನೋಟಕ್ಕೆ ಅಷ್ಟೆ," ಅಂದ ಅಣ್ಣ.

"ಕೊಕ್ಕೆ ಥರ ಕಂಡ ಮೇಲೆ ಯಾವನೋ ಒಬ್ಬ ಎಳೆದೇ ಎಳೀತಾನೆ."

"ನೀವು ಸುಮ್ನೆ ಹೆದರಿಸ್ತೀರ."

ಶೆಡ್ಡಿನಲ್ಲಿ ಆಗ ನಾಲ್ಕಾರು ಗಿರಾಕಿಗಳಿದ್ದರು. ಅಪ್ಪ ಷಟರ್ ಎಳೆದು, ಎಲ್ಲರನ್ನೂ ಪಕ್ಕದ ಗೋಡೆಗೆ ಸರಿಸಿ, ಒಂದು ಬಂಪರನ್ನು ಹಿಂದಿನ ಕಂಬಕ್ಕೆ ಕಟ್ಟಿ, ಅದಕ್ಕೆ ಓಲೆ ಬಿಗಿದು, ಷಟರಿನ ಬಳಿ ನಿಂತಿದ್ದ ನಮ್ಮ ಗಾಡಿಯ ವಿಂಚಿನ ಹಗ್ಗ ಸಿಕ್ಕಿಸಿ ಎಳೆದರು. ಕಿವಿ ಗುಂಯ್‌ಗುಟ್ಟಿತು, ಅಷ್ಟೆ ಗೊತ್ತು. ಕಣ್ಣು ಬಿಟ್ಟಾಗ ಓಲೆ ಬಂಪರಿನಲ್ಲಿರಲಿಲ್ಲ, ಷಟರಿನಲ್ಲಿ ಹೊಸದಾಗಿ ಬೆಳಕು ಕಾಣುತ್ತಿತ್ತು. ಹೊರಗೆ ಆ ಹೊತ್ತಿಗೆ ಯಾರೂ ಹಾದು ಹೋಗುತ್ತಿರಲಿಲ್ಲ, ನಮ್ಮ ಪುಣ್ಯ. ಗಿರಾಕಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

"ಎಲ್ಲರೆದುರು ನನ್ನನ್ನ ಕಳ್ಳನ ಥರ ಮಾಡಿಬಿಟ್ರಿ," ಅಂದ ಅಣ್ಣ.

"ಕಳ್ಳ ಆಗಿದ್ರೆ ವಾಸಿ. ಸಾಮಾನು ಮಾತ್ರ ಹೋಗೋದು."

ಅದೇ ಕೊನೆ. ಆಮೇಲೆ ಅವರಿಬ್ಬರೂ ನೇರವಾಗಿ ಮಾತಾಡಲಿಲ್ಲ.

ಮಾತಾಡಲಿಲ್ಲ ಅಂದರೆ ಕೆಲಸ ನಿಲ್ಲುತ್ತದೆಯೇ? ನಡುವೆ ನಾನಿದ್ದೆ. "ನಿನ್ನಣ್ಣಂಗೆ ಹೇಳು, ಎಡಗಡೆ ಸ್ಪ್ರಿಂಗು ತಲೆಕೆಳಗು ಹಾಕಿದ್ದಾನೆ, ಅವನ ತಲೆ ಥರಾನೇ." ನಾನು ಯಂತ್ರ ಬಿಟ್ಟು ಏಳದೆಯೇ, "ಅಣ್ಣಾ, ಎಡಗಡೆ ಸ್ಪ್ರಿಂಗ್ ಒಂದ್ಸಲ ನೋಡ್ಬೇಕಂತೆ" ಅನ್ನುತ್ತಿದ್ದೆ. "ಅಪ್ಪಂಗೆ ಹೇಳು, ಕಣ್ಣಿನ ಡಾಕ್ಟರ ಹತ್ರ ಹೋಗೋ ವಯಸ್ಸಾಯ್ತು ಅಂತ." ನಾನು, "ನೋಡ್ತಾನಂತೆ ಅಪ್ಪಾ" ಅನ್ನುತ್ತಿದ್ದೆ. ಇಬ್ಬರೂ ಕೈಗೆಟಕುವ ದೂರದಲ್ಲಿ ನಿಂತಿರುತ್ತಿದ್ದರು. ಒಬ್ಬರದು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿಸಿರುತ್ತಿತ್ತು. ಆದರೂ ನಾನು ಹೇಳುವವರೆಗೆ ಕೇಳದವರ ಹಾಗೆ ಕಾಯುತ್ತಿದ್ದರು. ಹೊಲಿಗೆಯಲ್ಲಿ ಹೊರಬಂದ ನೂಲು ಕತ್ತರಿಸುವ ಹಾಗೆ ನಾನು ಮುಳ್ಳುಗಳನ್ನು ಕತ್ತರಿಸಿ ಉಳಿದದ್ದನ್ನು ದಾಟಿಸುತ್ತಿದ್ದೆ.

ಕೈಸನ್ನೆ ಮಾತ್ರ ನೇರ. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಅದಕ್ಕೆ ಮೊದಲಿಂದಲೂ ಅವರದ್ದೊಂದು ಲೆಕ್ಕವಿತ್ತು. ಬೆರಳು ಸುತ್ತಿದರೆ ಎಳೆ. ಅಂಗೈ ಕೆಳಗೆ ಮಾಡಿದರೆ ಸಡಿಲ ಬಿಡು. ಮುಷ್ಟಿ ಹಿಡಿದರೆ ನಿಲ್ಲಿಸು. ಕೈ ಆಡಿದರೆ ಮಾತಾಡಿದ ಹಾಗಲ್ಲ ಎಂದು ಇಬ್ಬರೂ ಒಳಗೇ ಒಪ್ಪಿಕೊಂಡಂತಿತ್ತು.

ಓಲೆಗಳ ವಿಷಯವೂ ನನ್ನ ಮೂಲಕವೇ ತೀರ್ಮಾನವಾಯಿತು. ಶೆಡ್ಡು ನಡೆಯುತ್ತಿದ್ದುದೇ ಅಂಥವುಗಳಿಂದ, ಅದನ್ನು ಅಪ್ಪ ಬಾಯಿಬಿಟ್ಟು ಒಪ್ಪದಿದ್ದರೂ ಬಲ್ಲರು. "ಮಾರ್ಕೊಳ್ಲಿ. ಆದ್ರೆ ಕೆಂಪು ಕೆಂಪಾಗೇ ಇರ್ಲಿ, ಕಪ್ಪು ಕಪ್ಪಾಗೇ ಇರ್ಲಿ. ಕೆಸರಲ್ಲಿ ಕೈಹಾಕೋನು ನಾನು." ಅಣ್ಣನೂ ಒಪ್ಪಿ, ಪ್ರತಿ ಗಿರಾಕಿಗೂ "ಕೆಂಪು ನೋಟಕ್ಕೆ, ಕಪ್ಪು ಎಳೆತಕ್ಕೆ" ಎಂದು ಹೇಳಿಯೇ ಕಳಿಸುತ್ತಿದ್ದ. ನಮ್ಮ ಕಡೆ ಓಡಾಡುವ ಇಂಥ ಗಾಡಿಗಳೆಲ್ಲ ನಮ್ಮ ಶೆಡ್ಡಿಂದಲೇ ಹೋದವು. ಯಾವುದು ಎಲ್ಲಿ ಹೂತರೂ ಅಪ್ಪನಿಗೆ ಒಂದು ನೋಟ ಸಾಕಾಗುತ್ತಿತ್ತು.

ಆಮೇಲೆ ಕಪ್ಪಿನ ಹುಚ್ಚು ಶುರುವಾಯಿತು.

ಎಲ್ಲಿಂದ ಬಂತೋ. ಚಕ್ರ ಕಪ್ಪು, ಕನ್ನಡಿ ಕಪ್ಪು, ಕಂಪನಿಯ ಹೆಸರಿನ ಅಕ್ಷರಗಳೂ ಕಪ್ಪು. ಫೋಟೋದವರು ಅಂತ ಒಬ್ಬರು ಬರುತ್ತಿದ್ದರು. ಮದುವೆಗಳ ಫೋಟೋ ತೆಗೆಯುವುದು ಕಸುಬು, ಸ್ವಂತ ಜೀಪಿನ ಫೋಟೋ ತೆಗೆಯುವುದು ಪ್ರಾಣ. ಅವರ ಸೀಟಿಗೆ ನಾನು ಬೂದು ರೆಕ್ಸಿನ್ನಿಗೆ ಕಿತ್ತಳೆ ದಾರ ಹಾಕಿ ಹೊಲಿಯುತ್ತಿದ್ದೆ. ಅವರು ಕೆಂಪು ಓಲೆಯನ್ನು ಹಿಂದೆ ಮುಂದೆ ತಿರುಗಿಸಿ, "ಈಗಿದು ಲಿಪ್‌ಸ್ಟಿಕ್ ಥರ ಕಾಣುತ್ತೆ ಬಾಸ್. ಕಪ್ಪು ಇಲ್ವಾ?" ಎಂದು ಕೇಳಿದರು.

ಅಣ್ಣ ಗೋಡೆಯ ಮೇಲಿನ ನಿಜವಾದದ್ದನ್ನು ತೋರಿಸಿದ.

"ಇದಾ? ಮಾಂಸದಂಗಡೀಲಿ ನೇತುಹಾಕೋ ಥರ ಇದೆ. ಆ ನೈಸ್ ಇರೋದ್ರಲ್ಲೇ ಕಪ್ಪು ಕೊಡಿ."

ಮಾರನೆಯ ದಿನ ನೋಡುತ್ತೇನೆ, ಶೆಡ್ಡಿನ ಹಿಂದೆ ತಂತಿ ಕಟ್ಟಿ ಅಣ್ಣ ಓಲೆಗಳನ್ನು ಸಾಲಾಗಿ ನೇತುಹಾಕಿ ಡಬ್ಬಿಯಿಂದ ಕಪ್ಪು ಊದುತ್ತಿದ್ದಾನೆ.

"ಅಪ್ಪಂಗೆ ಹೇಳಿದ್ಯಾ ಅಣ್ಣಾ?"

"ನಾನು ಹೇಗೆ ಹೇಳ್ಲಿ? ಟೆಲಿಫೋನು ನೀನು."

ಹೋಗಿ ಹೇಳಿದೆ. ಅಪ್ಪ ಮುಖದ ಗುರಾಣಿ ಮೇಲೆತ್ತಿ, ಕೈಯಲ್ಲಿದ್ದ ವೆಲ್ಡಿಂಗ್ ಕಡ್ಡಿಯನ್ನು ನೆಲಕ್ಕೆ ಇಟ್ಟರು. ಎಸೆದಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ. "ನಿನ್ನಣ್ಣಂಗೆ ಹೇಳು. ನಾನು ನೀರೊಳಗೆ ಕೈಹಾಕಿದಾಗ ಒರಟೋ ನುಣುಪೋ ತಿಳಿಯಲ್ಲ, ಕಪ್ಪು ಕಂಡ್ರೆ ನಂಬ್ತೀನಿ. ನನ್ನನ್ನ ಸಾಯಿಸ್ಬೇಕು ಅಂತಿದ್ರೆ ಬಳೀಲಿ. ಇಲ್ಲ ಅಂದ್ರೆ ಒಂದೊಂದನ್ನೂ ಕೆರೆದು ಕೆಂಪು ಮಾಡ್ಲಿ."

ಈ ಸಲ ನಾನು ಏನೂ ಕತ್ತರಿಸಲಿಲ್ಲ. ಇದ್ದ ಹಾಗೇ ಹೇಳಿದೆ. ಅಣ್ಣ ತಂತಿಯಿಂದ ಆ ಸಾಲನ್ನು ಇಳಿಸಿದ. ಆಮೇಲೆ ಕಲ್ಲಿನ ಮೇಲೆ ಕೂತು ಉಜ್ಜು ಕಾಗದ ಹಿಡಿದು ಒಂದೊಂದಾಗಿ ಕೆರೆದ. ಬೆರಳ ತುದಿ ಕಿತ್ತು ರಕ್ತ ಬರುವವರೆಗೂ ಕೆರೆದ. "ಎಲ್ಲ ಕೆಂಪಾಯ್ತು ಅಂತ ಹೇಳು." ಅಪ್ಪ ತಾವೇ ಹೋಗಿ ಪೆಟ್ಟಿಗೆ ನೋಡಿ ಬಂದರು. ಎಲ್ಲವೂ ಕೆಂಪಾಗಿದ್ದವು. ಫೋಟೋದವರು ಮುಖ ಊದಿಸಿಕೊಂಡೇ ಕೆಂಪು ಹಾಕಿಸಿಕೊಂಡು ಹೋದರು. ಅವರ ಗಾಡಿ ಕೆಂಪು ಓಲೆಯಲ್ಲೇ ಷಟರ್ ದಾಟಿದ್ದನ್ನು ನಾನು ಕಣ್ಣಾರೆ ಕಂಡೆ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಪಾತ್ರೆಯನ್ನು ಅಣ್ಣನ ಕಡೆ ತಳ್ಳಿದರು. ಅಣ್ಣ ಬಡಿಸಿಕೊಂಡ. ಇನ್ನು ಸ್ವಲ್ಪ ದಿನ, ತಾನಾಗೇ ಸರಿಹೋಗುತ್ತದೆ ಅಂದುಕೊಂಡೆ.

ಒಂದು ಭಾನುವಾರ ಜೀಪಿನವರೆಲ್ಲ ಸೇರಿ ಊರಾಚೆಯ ಪಾಳುಬಿದ್ದ ಕಲ್ಲುಗಣಿಗೆ ಹೋಗುವುದೆಂದು ಗೊತ್ತಾಯಿತು. ಹೂತವರನ್ನು ಎಳೆಯಲು ನಮ್ಮ ವಿಂಚಿನ ಗಾಡಿ ಹೋಗಲೇಬೇಕು. ಮೂಲೆಯಲ್ಲೇ ಕೂತು ಕೂತು ಮಂಕಾಗುತ್ತೀಯ, ಗಾಳಿ ಕುಡಿ ಎಂದು ಅಪ್ಪ ನನ್ನನ್ನೂ ಹೊರಡಿಸಿದರು. ನಾನು ಊಟದ ಡಬ್ಬಿಗಳನ್ನು ಬಟ್ಟೆಯಲ್ಲಿ ಸುತ್ತಿ, ಗೋಡೆಯಿಂದ ಒಂದು ಮರಳಚೀಲವನ್ನೂ ಇಳಿಸಿ ಇಟ್ಟುಕೊಂಡೆ. ಮುಂದಿನ ಸೀಟಿನಲ್ಲಿ ಮೂವರು. ನಡುವೆ ನಾನು.

"ನಿನ್ನಣ್ಣಂಗೆ ಹೇಳು, ಮುಂದೆ ಗುಂಡಿ ಇದೆ."

"ಅಣ್ಣಾ, ಮುಂದೆ..."

ಅಷ್ಟರಲ್ಲಿ ಗುಂಡಿ ಹಿಂದೆ ಹೋಗಿ ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು.

"ಅಪ್ಪಂಗೆ ಹೇಳು, ನಂಗೂ ಎರಡು ಕಣ್ಣಿದೆ."

"ಎರಡೂ ಗುಂಡೀನೇ ಹುಡುಕ್ತವೆ ಅಂತ ಹೇಳು."

ನಾನು ತಲೆ ಉಜ್ಜಿಕೊಳ್ಳುತ್ತ ನಕ್ಕೆ. ಅಣ್ಣನ ತುಟಿಯ ಕೊನೆಯೂ ಸ್ವಲ್ಪ ಏರಿತು. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು, ಆದರೆ ಅವರ ಹೊಟ್ಟೆ ಕುಲುಕುತ್ತಿತ್ತು. ಅಣ್ಣನ ಆ ನಗು ನನಗೆ ಈಗಲೂ ಕಾಣುತ್ತದೆ.

ಗಣಿ ಅಂದರೆ ದೊಡ್ಡ ಬಟ್ಟಲಿನಂಥ ಹೊಂಡ. ತಳದಲ್ಲಿ ಮಳೆನೀರು ನಿಂತು ಬೂದಿ ಬಣ್ಣದ ಕೆಸರಾಗಿತ್ತು. ಎಲ್ಲರೂ ಅಂಚಿನಲ್ಲಿ ಸುತ್ತುತ್ತಿದ್ದರೆ ಫೋಟೋದವರು ಒಳ್ಳೆ ಚಿತ್ರ ಬರಬೇಕೆಂದು ನೇರ ನಡುವಿಗೆ ಇಳಿಸಿದರು. ಆಚೆ ದಡದಿಂದ ನಮ್ಮ ಕಡೆ ಬರುತ್ತ ಗಾಡಿ ಮೂಗಿನ ಮೇಲೆ ಕುಸಿದು ಬಂಪರಿನವರೆಗೂ ಹೂತುಹೋಯಿತು. ಅವರು ಕಿಟಕಿಯಿಂದ ಹೊರಬಿದ್ದು, ಕ್ಯಾಮೆರಾವನ್ನು ಹಸುಗೂಸಿನ ಹಾಗೆ ತಲೆ ಮೇಲೆ ಹಿಡಿದುಕೊಂಡು ದಡಕ್ಕೆ ಬಂದರು. "ಕೊಳವೆ ಹಾಕ್ಸಿದ್ದು ಸಾರ್ಥಕ ಆಯ್ತು, ಎಂಜಿನ್ ಆರಾಮಾಗಿ ಉಸಿರಾಡ್ತಿದೆ, ಓನರ್ಗೇ ಉಸಿರಿಲ್ಲ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಅಣ್ಣ ನಮ್ಮ ಗಾಡಿಯನ್ನು ಮೇಲಿನ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿದ. ಎಳೆಯುವವನು ಎತ್ತಿದ ಬಾನೆಟ್ಟಿನ ಹಿಂದೆ ನಿಲ್ಲಬೇಕು, ಏನಾದರೂ ಹಾರಿ ಬಂದರೆ ಅದಕ್ಕೆ ಬಡಿಯಲಿ ಎಂದು. ಅದು ಅಪ್ಪ ಕಲಿಸಿದ್ದು. ಅಪ್ಪ ಹಗ್ಗದ ತುದಿ ಹಿಡಿದು ನೀರಿಗಿಳಿದರು. ಸೊಂಟದವರೆಗೆ, ಆಮೇಲೆ ಎದೆಯವರೆಗೆ. ಒಂದು ಕೈಯನ್ನು ಕೆಸರೊಳಗೆ ಹಾಕಿ, ಕೆನ್ನೆಯನ್ನು ಹೆಚ್ಚುಕಡಿಮೆ ನೀರಿಗೆ ತಾಗಿಸಿ ತಡಕಿದರು. ಕೊಕ್ಕೆಯ ಡುಬ್ಬ ಸಿಕ್ಕಿರಬೇಕು. ಅದರ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರು, ಮಗುವಿನ ಮುಖ ಒರೆಸುವ ಹಾಗೆ. ಬಗ್ಗಿ ನೋಡಿದರು. ತಲೆ ಆಡಿಸಿ ಹಗ್ಗ ಸಿಕ್ಕಿಸಿದರು.

ನಾನು ಚೀಲವನ್ನು ಹೆಗಲಿಗೆ ಹಾಕಿಕೊಂಡು ದಡಕ್ಕಿಳಿದಿದ್ದೆ. ಹೂತ ಗಾಡಿಯ ಕಿಟಕಿಯಲ್ಲಿ ಕಿತ್ತಳೆ ದಾರದ ಹೊಲಿಗೆ ಕಾಣಿಸಿತು. ನನ್ನ ಹೊಲಿಗೆ. ಈ ಗಾಡಿಗೆ ಹಾಕಿದ್ದು ಕೆಂಪು. ಮತ್ತೆ ಅಪ್ಪ ಏನು ನೋಡಿ ತಲೆ ಆಡಿಸಿದರು?

ಫೋಟೋದವರು ಪಕ್ಕದಲ್ಲೇ ಬೂಟಿನ ನೀರು ಸುರಿಯುತ್ತಿದ್ದರು. ನಾನಾಗಿ ಹೊಸಬರನ್ನು ಮಾತಾಡಿಸಿದ್ದು ಅದೇ ಮೊದಲು.

"ನಿಮ್ಮದು ಕೆಂಪಿತ್ತಲ್ಲ?"

"ಓಹೋ, ಗಮನಿಸಿದ್ಯಾ!" ಅವರಿಗೆ ಖುಷಿಯಾಯಿತು. "ನಾನೇ ಬಳಿದೆ ಮನೇಲಿ. ನಿಮ್ಮಣ್ಣನ ಹತ್ರ ಡಬ್ಬೀಲಿ ಸ್ವಲ್ಪ ಉಳಿದಿತ್ತಲ್ಲ, ಚಕ್ರಕ್ಕೆ ಬೇಕು ಅಂತ ಇಸ್ಕೊಂಡೆ. ಈಗ ಹೇಗಿದೆ? ಒರಿಜಿನಲ್ ಥರಾನೇ ಇಲ್ವಾ?"

ಅಪ್ಪ ಕೈ ಎತ್ತಿ ಬೆರಳು ಸುತ್ತಿದರು. ಎಳೆ.

ವಿಂಚು ಗೊರಗೊರ ಅನ್ನತೊಡಗಿತು. ಹಗ್ಗ ನೀರಿಂದ ಮೇಲೆದ್ದು, ಹನಿಗಳನ್ನು ಉದುರಿಸಿ, ಗೆರೆ ಎಳೆದ ಹಾಗೆ ನೆಟ್ಟಗಾಯಿತು. ನಾನು ಓಡಿದೆ. ಓಡುತ್ತಲೇ ಚೀಲವನ್ನು ಹಗ್ಗದ ಮೇಲೆ ಎಸೆದೆ, ಅದು ಎರಡು ಕಡೆಗೂ ಇಳಿಬಿದ್ದು ಕೂತಿತು. ಕೆಸರು ಕಾಲು ಹಿಡಿಯಿತು. ಚಪ್ಪಲಿ ಅಲ್ಲೇ ಉಳಿಯಿತು.

"ಏಯ್ ಇಲಿಮರಿ, ಹಗ್ಗದ ಹತ್ರ ಬರ್ಬೇಡ!" ಎಂದು ಅಣ್ಣ ಬೈದ.

"ಓಲೆ ಅಣ್ಣಾ! ಅಪ್ಪ ಸಿಕ್ಕಿಸಿರೋದು ಓಲೆಗೆ! ಅವ್ರು ಮನೇಲಿ ಕಪ್ಪು ಬಳಿದಿದ್ದಾರೆ, ನಿನ್ನ ಡಬ್ಬಿ..."

ಅವನು ವಿಂಚಿನ ಗುಂಡಿಯಿಂದ ಬೆರಳು ತೆಗೆದ. ಬಾನೆಟ್ಟಿನ ಪಕ್ಕದಿಂದ ಕೈ ಚಾಚಿ ಅಂಗೈ ಕೆಳಗೆ ಮಾಡಿದ. ಸಡಿಲ ಬಿಡ್ತೀನಿ. ಆದರೆ ಅಪ್ಪ ಒಂದು ಸಲ ಸನ್ನೆ ಕೊಟ್ಟ ಮೇಲೆ ಅವನ ಕಡೆ ನೋಡುವವರಲ್ಲ. ಬಂಪರಿನ ಮೇಲೆ ಕೈಯಿಟ್ಟುಕೊಂಡು, ಆ ಕೊಕ್ಕೆಯ ಎದುರಿಗೇ ನಿಂತು, ಚಕ್ರ ಏಳುವುದನ್ನು ನೋಡುತ್ತಿದ್ದರು. ಅಣ್ಣ ಹಗ್ಗ ಬಿಡುವ ಗುಂಡಿ ಒತ್ತಿದ. ವಿಂಚು ನಿಧಾನ. ಅಷ್ಟರಲ್ಲಿ ಗಾಡಿ ತನ್ನಷ್ಟಕ್ಕೆ ಕೆಸರಿನಲ್ಲಿ ಹಿಂದೆ ಜಾರತೊಡಗಿತು. ಹಗ್ಗ ಸಡಿಲಾಗುವ ಬದಲು ಇನ್ನೂ ಬಿಗಿಯಾಗಿ ಸಣ್ಣಗೆ ಹಾಡಿತು.

ಅಣ್ಣ ಬಾನೆಟ್ಟಿನ ಮರೆಯಿಂದ ಹೊರಗೆ ಬಂದುಬಿಟ್ಟ.

"ಅಪ್ಪಾ! ಅದು ಬಿಟ್ಟು ಪಕ್ಕಕ್ಕೆ ಬನ್ನಿ! ಅಪ್ಪಾ!"

ಅಪ್ಪನಿಗೆ ಕೇಳಿಸಿತು. ಕೇಳಿಸಿದ್ದನ್ನು ನಾನು ನೋಡಿದೆ. ಅವರ ಬೆನ್ನು ನೆಟ್ಟಗಾಯಿತು. ಇಷ್ಟು ದಿನದ ಮೇಲೆ ಮಗ ತನ್ನನ್ನು ನೇರವಾಗಿ ಕರೆದಿದ್ದಾನೆ. ಅವರು ತಿರುಗಿದರು, ಆದರೆ ಅವನ ಕಡೆಗಲ್ಲ. ಅಭ್ಯಾಸ. ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ಏನಂತೆ?

"ಓಲೆ ಅಪ್ಪಾ! ಬನ್ನಿ!" ನನ್ನ ಗಂಟಲಿನಲ್ಲಿ ಅಂಥ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅಪ್ಪ ಬಂಪರ್ ಬಿಟ್ಟು ಪಕ್ಕದ ನೀರಿಗೆ ಬಿದ್ದರು. ಆದರೆ ಅವರು ತನ್ನ ಕಡೆ ತಿರುಗದ್ದರಿಂದ ಕೇಳಿಸಿತೋ ಇಲ್ಲವೋ ಎಂದು ಅಣ್ಣ ಅಷ್ಟರಲ್ಲೇ ಇನ್ನೂ ಒಂದು ಹೆಜ್ಜೆ ಮುಂದೆ ಬಂದು, ಮತ್ತೆ ಕೂಗಲು ಬಾಯಿ ತೆರೆದಿದ್ದ.

ಶೆಡ್ಡಿನಲ್ಲಿ ಕೇಳಿದ್ದೇ ಸದ್ದು.

ನನ್ನ ಚೀಲ ತನ್ನ ಕೆಲಸ ಮಾಡಿತು. ಹಗ್ಗ ಸತ್ತ ಹಾವಿನ ಹಾಗೆ ಕೆಸರಿಗೆ ಬಿತ್ತು, ಯಾರಿಗೂ ತಾಗಲಿಲ್ಲ. ಆದರೆ ಓಲೆ ಕಿತ್ತು ಬರುವ ಬದಲು ನಡುವೆಯೇ ಒಡೆದಿತ್ತು. ಎರಕದ್ದಲ್ಲವೇ. ಒಂದು ತುಂಡು ಹಗ್ಗದ ಜೊತೆ ಬಿತ್ತು. ಹೆಬ್ಬೆರಳಷ್ಟು ಗಾತ್ರದ ಇನ್ನೊಂದು ತುಂಡಿಗೆ ಹಗ್ಗವೂ ಇರಲಿಲ್ಲ, ಚೀಲವೂ ಇರಲಿಲ್ಲ.

ಅಣ್ಣ ದಣಿದವನ ಹಾಗೆ ಕೂತ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ, ಏನೋ ಹೇಳಬಾರದ್ದು ಹೇಳಿಬಿಟ್ಟವನ ಹಾಗೆ. ಬೆರಳುಗಳ ನಡುವಿನಿಂದ ರಕ್ತ ಸುರಿಯುತ್ತಿತ್ತು. ನಾನು ಊಟದ ಡಬ್ಬಿಯ ಬಟ್ಟೆ ಬಿಚ್ಚಿ ಒತ್ತಿ ಹಿಡಿದೆ. ಒತ್ತಿದಲ್ಲಿ ಗಟ್ಟಿಯಾಗಿ ಏನೂ ಸಿಗಲಿಲ್ಲ. ಅಪ್ಪ ನೀರಲ್ಲಿ ಬಿದ್ದು, ಎದ್ದು, ಮತ್ತೆ ಬಿದ್ದು ಬರುತ್ತಿದ್ದರು. "ಮಗಾ! ಏನಾಯ್ತೋ ಮಗಾ! ಮಾತಾಡೋ!" ಫೋಟೋದವರು ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಪ್ಪನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು ಹೇಳಿದರು. ಕೆಳದವಡೆ ಪುಡಿಯಾಗಿದೆ, ತಗಡು ಮೊಳೆ ಹಾಕಿ ಕೂಡಿಸಿದ್ದೇವೆ. ನಾಲಿಗೆ ಅರ್ಧಕ್ಕೂ ಹೆಚ್ಚು ಹೋಗಿದೆ. ಕುಡಿಯುವುದಕ್ಕೆ ಮೂಗಿನಿಂದ ನಳಿಗೆ. ಅಪ್ಪ ತಗಡು ಎಷ್ಟು ದಪ್ಪದ್ದು ಎಂದು ಕೇಳಿದರು.

"ಮಾತು?" ಎಂದು ನಾನು ಕೇಳಿದೆ.

"ಸದ್ದು ಬರುತ್ತೆ," ಅಂದರು ಅವರು. "ಮಾತು ಅಂತ ಇಟ್ಕೋಬೇಡಿ."

ಆ ವಾರ ಅಪ್ಪ ಷಟರಿನ ತೂತಿಗೆ ತಗಡು ಬೆಸೆದರು. ನಾನು ಬೆಳಿಗ್ಗೆ ಬಂದಾಗ ಯಂತ್ರದ ಮೇಲೆ ಬಿಸಿಲಿರಲಿಲ್ಲ. ಈಗ ಷಟರ್ ಎತ್ತುವವರೆಗೆ ಬಲ್ಬು ಹಾಕಿಕೊಳ್ಳಬೇಕು. ಉಳಿದ ಓಲೆಗಳನ್ನೆಲ್ಲ ಅವರು ಒಂದೊಂದಾಗಿ ಕತ್ತರಿಸಿ ಗುಜರಿಗೆ ಹಾಕಿದರು. ಗಣಿಯ ಸುದ್ದಿ ಹರಡಿ ನನ್ನ ಚೀಲಗಳನ್ನು ಜನ ಕೇಳಿಕೊಂಡು ಬರತೊಡಗಿದರು. ಒಬ್ಬ ಬಂದು ಗೋಡೆಯ ಮೇಲಿದ್ದುದನ್ನು ಇಳಿಸಿಕೊಂಡು, "ಇದು ಕಪ್ಪಲ್ಲಿ ಬೇಕು. ಮರಳು ಬೇಡ, ಭಾರ. ಹಿಂದೆ ನೇತಾಡಿದ್ರೆ ಸಾಕು, ಚೆನ್ನಾಗಿ ಕಾಣುತ್ತೆ" ಅಂದ. ಮೊದಲಾಗಿದ್ದರೆ ಇಂಥವರಿಗೆ ಅಣ್ಣ ಉತ್ತರ ಕೊಡುತ್ತಿದ್ದ. ನಾನು ಆ ಗಿರಾಕಿಯ ಕೈಯಿಂದ 'ಕೊಡಿ' ಎಂದು ಚೀಲ ಇಸಿದುಕೊಂಡು ಮತ್ತೆ ಮೊಳೆಗೆ ಹಾಕಿದೆ. "ಇಲ್ಲ," ಅಂದೆ. ಅವನಿಗೆ ನಾನು ಆಗಷ್ಟೇ ಕಂಡೆ ಅನ್ನಿಸುತ್ತದೆ.

ಸಂಜೆ ಅಪ್ಪನೂ ನಾನೂ ಆಸ್ಪತ್ರೆಗೆ ಹೋದೆವು. ಅಣ್ಣ ದಿಂಬಿಗೆ ಒರಗಿ ಕೂತಿದ್ದ. ಕಣ್ಣಿನ ಕೆಳಗಿನಿಂದ ಕುತ್ತಿಗೆಯವರೆಗೆ ಬಿಳಿ ಪಟ್ಟಿ. ಅಪ್ಪ ಸ್ಟೂಲನ್ನು ಹಾಸಿಗೆಗೆ ತೀರ ಹತ್ತಿರ ಎಳೆದುಕೊಂಡು ಕೂತು ಮಾತಾಡಲು ಶುರು ಮಾಡಿದರು. ನೇರವಾಗಿ ಅವನೊಂದಿಗೆ. ಷಟರ್ ಮುಚ್ಚಿದ್ದು ಹೇಳಿದರು. ಹಸಿರು ಜೀಪಿನ ಸ್ಪ್ರಿಂಗ್ ಬಗ್ಗೆ ಹೇಳಿದರು, ಎಡಗಡೆಯದು ನೀನು ಸರಿಯಾಗೇ ಹಾಕಿದ್ದೆ ಕಣೋ, ತಪ್ಪು ನೋಡಿದ್ದು ನಾನೇ ಅಂದರು. ನಿನ್ನ ಬಾಯಿಲ್ಲದೆ ಗಿರಾಕಿ ಒಬ್ಬನೂ ನಿಲ್ತಿಲ್ಲ ಅಂದರು, ಅಂದ ಮೇಲೆ ಗಾಬರಿಯಾಗಿ ಬೇರೆ ಮಾತಿಗೆ ಹೋದರು. ಕೂಡಿಟ್ಟ ಮಾತೆಲ್ಲ ಒಂದೇ ಸಲ ಬರುತ್ತಿತ್ತು. ಅವರ ಕೈ ಹೊದಿಕೆಯ ಅಂಚನ್ನು ಮಡಿಸುತ್ತಿತ್ತು, ಬಿಚ್ಚುತ್ತಿತ್ತು.

"ನೀನು ಕೂಗಿದಾಗ ನಾನು ನಿನ್ನ ಕಡೆ ನೋಡ್ಬೇಕಿತ್ತು," ಅಂದರು. "ನೋಡಿದ್ರೆ ನೀನು ಇನ್ನೊಂದು ಹೆಜ್ಜೆ ಬರ್ತಿರ್ಲಿಲ್ಲ. ಅಲ್ವೇನೋ? ಹೇಳೋ. ಬೈಯೋದಿದ್ರೆ ಬೈಯೋ."

ಅಣ್ಣನ ಕಣ್ಣು ನನ್ನ ಕಡೆ ತಿರುಗಿತು. ಅಪ್ಪಂಗೆ ಹೇಳು ಅನ್ನುವಾಗ ತಿರುಗುತ್ತಿದ್ದ ಹಾಗೇ. ಅಪ್ಪನೂ ನನ್ನನ್ನು ನೋಡಿದರು. ಇಬ್ಬರೂ ಕಾದರು. ನಾನು ಬಾಯಿ ತೆರೆದೆ. ದಾಟಿಸಲು ಏನೂ ಇರಲಿಲ್ಲ.

ಆಗ ಅಣ್ಣ ಸೂಜಿ ಚುಚ್ಚಿದ್ದ ಕೈಯನ್ನು ಹೊದಿಕೆಯಿಂದ ಮೆಲ್ಲಗೆ ಮೇಲಕ್ಕೆತ್ತಿ, ಅಪ್ಪನ ಎದುರಿಗೆ ಹಿಡಿದು, ಮುಷ್ಟಿ ಮಾಡಿದ.

ಅದನ್ನು ನಾನು ಅಪ್ಪನಿಗೆ ಹೇಳಬೇಕಾಗಿರಲಿಲ್ಲ. ಅವರು ನಿಲ್ಲಿಸಿದರು.